ಗ್ಲಾಸಿನ ನೀರಲ್ಲಿದ್ದ ಕಡ್ಡಿ

ಈ ವಯಸ್ಸಿಗೆ ನನ್ನ ಮೇಲೆ ಕಳ್ಳತನದ ಆರೋಪ ಬಂತು ನೋಡಿ. ಅದೂ ಸ್ವಂತ ಮಗನ ಮನೆಯಲ್ಲಿ, 11 ವರ್ಷದ ಪುಳ್ಳಿಯಿಂದ.

ಕಳೆದ ವರ್ಷ ಸೊಸೆಯ ಬಾಣಂತನಕ್ಕೆ ಅಂತ ನಾನು ನ್ಯೂಜೆರ್ಸಿಗೆ ಹೋದದ್ದು ನಿಮಗೆಲ್ಲ ಗೊತ್ತುಂಟಲ್ಲ. (11 ವರ್ಷ ಬಿಟ್ಟು ಎರಡನೆಯದಾ ಅಂತ ನೀವು ಕೇಳಿದ್ದೂ ಆಗಿದೆ, ನಾನು ಉತ್ತರ ಹೇಳಿದ್ದೂ ಆಗಿದೆ. ಇನ್ನು ಕೇಳ್ಬೇಡಿ.) ಹೋಗಿ ನಾಲ್ಕನೇ ದಿನ. ನಮ್ಮ ಹಗಲು ಅಲ್ಲಿ ರಾತ್ರಿ, ಹಾಗಾಗಿ ನಿದ್ರೆ ಅನ್ನುವುದು ಹತ್ತಿರ ಸುಳಿಯುವುದಿಲ್ಲ. ಬೆಳಗ್ಗಿನ ಜಾವ ಮೂರು ಗಂಟೆಗೇ ಎದ್ದು ಅಡುಗೆಮನೆಯ ಕಟ್ಟೆ ಉಜ್ಜಲಿಕ್ಕೆ ಸುರು ಮಾಡಿದೆ. ಸಿಂಕಿನ ಬದಿಯಲ್ಲಿ ಒಂದು ಗ್ಲಾಸು, ಅದರಲ್ಲಿ ಎರಡು ಬೆರಳಿನಷ್ಟು ನೀರು, ನೀರಲ್ಲಿ ಒಂದು ಚಪ್ಪಟೆ ಕಡ್ಡಿ. ಐಸ್‌ಕ್ಯಾಂಡಿ ತಿಂದು ಬಿಟ್ಟ ಕಡ್ಡಿ ಅಂತ ತಿಳ್ಕೊಂಡು ಕಸಕ್ಕೆ ಹಾಕಿ, ಗ್ಲಾಸು ತೊಳೆದು ಕವುಚಿ ಇಟ್ಟೆ.

ಏಳು ಗಂಟೆಗೆ ಬೊಬ್ಬೆ ಸುರು. ಪುಳ್ಳಿ ಮನೆಯಿಡೀ ಹುಡುಕುತ್ತಾನೆ, ಸೊಸೆ ಮಗುವನ್ನು ಎತ್ತಿಕೊಂಡೇ ಹುಡುಕುತ್ತಾಳೆ. ಕಡೆಗೆ ಮಗ ಬಂದು, "ಅಮ್ಮ, ಇಲ್ಲಿ ಗ್ಲಾಸಲ್ಲಿದ್ದ ರೀಡ್ ನೋಡಿದ್ಯಾ?" ಅಂತ ಕೇಳಿದ. "ಎಂತ ರೀಡೋ, ನನಗೆ ಗೊತ್ತಿಲ್ಲಪ್ಪ" ಅಂದೆ. ಸುಳ್ಳಲ್ಲ, ಗೊತ್ತಿರಲೇ ಇಲ್ಲ. ಆ ಕಡ್ಡಿಯೇ ರೀಡು, ಅದು ಪುಳ್ಳಿಯ ಸ್ಯಾಕ್ಸೋಫೋನಿನ ತುದಿಗೆ ಸಿಕ್ಕಿಸುವಂಥದ್ದು, ಒದ್ದೆ ಮಾಡದೆ ಊದಿದರೆ ಸ್ವರ ಸರಿಯಾಗಿ ಹೊರಡುವುದಿಲ್ಲ, ಅವತ್ತು ಅವನಿಗೆ ಶಾಲೆಯಲ್ಲಿ ಬ್ಯಾಂಡಿನ ದಿನ. ಇಷ್ಟು ವಿಷಯ ನನಗೆ ತಿಳಿಯುವಾಗ ಕಸದ ಗಾಡಿ ಬಂದು ಹೋಗಿಯಾಗಿತ್ತು.

ನಾಚಿಕೆ ಆದದ್ದು ಎಂತಕ್ಕೆ ಅಂದ್ರೆ, ಇದು ನನಗೆ ಗೊತ್ತಿರಬೇಕಾದ ವಿಷಯವೇ. ಚಪ್ಪರದಲ್ಲಿ ವಾಲಗದವರು ಸುರು ಮಾಡುವ ಮೊದಲು ಆ ತುದಿಯ ಪೀಪಿಯನ್ನು ಬಾಯಲ್ಲಿಟ್ಟು ಚೀಪಿ ಚೀಪಿ ಒದ್ದೆ ಮಾಡಿಕೊಳ್ಳುವುದನ್ನು ಎಷ್ಟು ಮದುವೆಯಲ್ಲಿ ನೋಡಿಲ್ಲ ನಾವು? ಇದೂ ಅದೇ ಸಂಗತಿ. ಸ್ಯಾಕ್ಸೋಫೋನು ನೋಡ್ಲಿಕ್ಕೆ ಹಿತ್ತಾಳೆ, ಫಳಫಳ ಹೊಳೆಯುತ್ತದೆ. ಆದರೆ ಅದರ ಜೀವ ಇರುವುದು ಬಿದಿರಿನ ತಮ್ಮನ ಹಾಗಿರುವ ಒಂದು ಹುಲ್ಲಿನ ಸಿಗುರಿನಲ್ಲಿ. ಹಾಗಾಗಿ ಅದು ಹಿತ್ತಾಳೆ ವಾದ್ಯಗಳ ಲೆಕ್ಕಕ್ಕೆ ಸೇರುವುದೇ ಇಲ್ಲವಂತೆ, ಕೊಳಲು ಕ್ಲಾರಿನೆಟ್ಟುಗಳ ಮನೆತನಕ್ಕೇ ಸೇರುವುದಂತೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಅನ್ನುವವರು ಮಾಡಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ತಕ್ಕೊಂಡದ್ದು. ಅವರ ಹೆಸರೇ ಅದಕ್ಕೆ.

ಅಲ್ಲಿ ಶಾಲೆಗಳಲ್ಲಿ ನಾಲ್ಕನೆಯೋ ಐದನೆಯೋ ಕ್ಲಾಸಿಗೆ ಬಂದಾಗ ಮಕ್ಕಳು ಒಂದು ವಾದ್ಯ ಆರಿಸಿಕೊಳ್ಳಬಹುದು. ಅಂಗಡಿಯಿಂದ ತಿಂಗಳ ಬಾಡಿಗೆಗೆ ತರುವುದು. ಇವ ಸ್ಯಾಕ್ಸೋಫೋನು ಹಿಡಿದ. ಒಂದು ವರ್ಷ ಕಲಿತಾಗಿತ್ತು, ಆದರೂ ನನ್ನ ಕಿವಿಗೆ ಅದು ನಮ್ಮ ಕೊಟ್ಟಿಗೆಯಲ್ಲಿ ಹಸು ಕರು ಹಾಕುವಾಗಿನ ಸ್ವರದ ಹಾಗೇ ಕೇಳಿದ್ದು. ಹೇಳಲಿಲ್ಲ. ಮೊದಲೇ ಕಡ್ಡಿ ಬಿಸಾಡಿದ ಕಳ್ಳಿ ನಾನು.

ಇನ್ನೊಂದು ಕಷ್ಟ ಉಂಟು, ಅದು ನಿಮ್ಮಲ್ಲಿ ಸುಮಾರು ಜನರಿಗೂ ಉಂಟು. ಪುಳ್ಳಿಗೆ ನಾನು ಹೇಳುವುದು ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. "ಪುಟ್ಟಾ, ಕಾಫಿ ಆಯ್ತಾ?" ಅಂದರೆ ತಲೆ ಆಡಿಸ್ತಾನೆ. ಉದ್ದಕ್ಕೆ ಎಂತಾದರೂ ಕೇಳಿದರೆ ಅವನಮ್ಮನ ಮುಖ ನೋಡ್ತಾನೆ. ಈ ವಿಷಯದಲ್ಲಿ ನಾನು ವರ್ಷಗಟ್ಟಲೆ ಫೋನಿನಲ್ಲಿ ಸೊಸೆಯ ತಲೆ ತಿಂದಿದ್ದೇನೆ. "ನೀನು ಮನೆಯಲ್ಲೇ ಇರುವವಳು, ನೀನಲ್ಲದೆ ಮತ್ತೆ ಯಾರು ಕಲಿಸುವುದು? ಆಚೆಮನೆಯವರ ಮೊಮ್ಮಗಳು ಆಸ್ಟ್ರೇಲಿಯಾದಲ್ಲಿದ್ದು ಭಜನೆ ಹೇಳ್ತಾಳೆ." ಈ ಥರ. ಅವಳು ಒಮ್ಮೆಯೂ ಎದುರು ಮಾತಾಡಲಿಲ್ಲ. "ಆಯ್ತು ಅತ್ತೆ" ಅಂದು ಫೋನು ಮಗನಿಗೆ ಕೊಡುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಪುಳ್ಳಿ ಕಂಪ್ಯೂಟರ್ ಎದುರು ಕೂತು ಬರೆಯುತ್ತಿದ್ದ. ಬ್ಯಾಂಡಿನ ಟೀಚರು ಎಲ್ಲರಿಗೂ ಒಂದೊಂದು ಕೆಲಸ ಕೊಟ್ಟಿದ್ದಾರೆ: ನಿಮ್ಮ ವಾದ್ಯವನ್ನು ನುಡಿಸುವ ಒಬ್ಬ ಜಾಝ್ ಕಲಾವಿದರ ಬಗ್ಗೆ ತಿಳ್ಕೊಂಡು ಬಂದು ಕ್ಲಾಸಲ್ಲಿ ಹೇಳ್ಬೇಕು. ಇವ ಆರಿಸಿದ ಹೆಸರು ಪರದೆಯ ಮೇಲೆ ಇತ್ತು. ನನ್ನ ಪಿಯುಸಿ ಇಂಗ್ಲಿಷಲ್ಲಿ ಕೂಡಿಸಿ ಕೂಡಿಸಿ ಓದಿದೆ. ರುದ್ರೇಶ್ ಮಹಾಂತಪ್ಪ.

"ಇದು ನಮ್ಮವರ ಹೆಸರಲ್ವಾ!" ಅಂತ ನಾನು ಬೊಬ್ಬೆ ಹಾಕಿದ ಹೊಡೆತಕ್ಕೆ ಮಲಗಿದ್ದ ಸಣ್ಣದು ಎದ್ದು ಅಳಲಿಕ್ಕೆ ಸುರು ಮಾಡಿತು.

ಹೌದು, ನಮ್ಮವರದ್ದೇ. ಅಪ್ಪ ಅಮ್ಮ ಕನ್ನಡದವರು, ಕರ್ನಾಟಕದಿಂದ ಹೋದವರು. ಅಪ್ಪ ಭೌತಶಾಸ್ತ್ರದ ಪ್ರೊಫೆಸರ್. ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ಅನ್ನುವ ಊರಲ್ಲಿ. ಬೆಳೆದದ್ದು ಅಮೆರಿಕದ ಕೊಲೊರಾಡೋದ ಬೌಲ್ಡರ್‌ನಲ್ಲಿ, ಅಪ್ಪ ಪಾಠ ಮಾಡುತ್ತಿದ್ದ ವಿಶ್ವವಿದ್ಯಾಲಯ ಇರುವ ಊರು. ಈಗಿನ ನ್ಯೂಜೆರ್ಸಿಯ ಹಾಗೆ ಬೀದಿ ಬೀದಿಯಲ್ಲಿ ಕರಿಬೇವು ಸಿಗುವ ಕಾಲ ಅಲ್ಲ ಅದು. ಶಾಲೆಯಲ್ಲಿ ನಮ್ಮ ಬಣ್ಣದ ಮಕ್ಕಳು ಬೆರಳೆಣಿಕೆ. ಆ ಹುಡುಗನೂ ನಮ್ಮ ಪುಳ್ಳಿಯ ಹಾಗೇ ಸಣ್ಣ ಪ್ರಾಯದಲ್ಲಿ ಶಾಲೆಯಲ್ಲೇ ಸ್ಯಾಕ್ಸೋಫೋನು ಹಿಡಿದದ್ದು. ಹಿಡಿದವನಿಗೆ ಚಾರ್ಲಿ ಪಾರ್ಕರ್ ಅನ್ನುವವರ ರೆಕಾರ್ಡು ಸಿಕ್ಕಿತು. ಅಲ್ಲಿಗೆ ಮುಗಿಯಿತು, ಮತ್ತೆ ಬೇರೆ ದಾರಿ ಇಲ್ಲ.

ಈ ಪಾರ್ಕರ್ ಯಾರು ಅಂತ ಮಗ ನನಗೆ ವಿವರಿಸಿದ. 1920ರಲ್ಲಿ ಕಾನ್ಸಸ್‌ನಲ್ಲಿ ಹುಟ್ಟಿದ ಕಪ್ಪು ಜನರ ಹುಡುಗ, ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಅವರಷ್ಟು ವೇಗವಾಗಿ, ಅಷ್ಟು ಹೊಸ ಹೊಸ ದಾರಿ ಹಿಡಿದು ನುಡಿಸಿದವರು ಅದುವರೆಗೆ ಇರಲಿಲ್ಲವಂತೆ. ಜನ ಅವರನ್ನು 'ಬರ್ಡ್' ಅಂತಲೇ ಕರೆಯುವುದು, ಹಕ್ಕಿ ಅಂತ. ಕುಡಿತ, ಮಾದಕವಸ್ತು ಎಲ್ಲ ಸೇರಿ 34 ವರ್ಷಕ್ಕೇ ತೀರಿಹೋದರು. 34 ಅಂದರೆ ನನ್ನ ಸಣ್ಣ ತಮ್ಮನ ಮಗನ ಪ್ರಾಯ. ಕೇಳಿ ಒಂದು ಗಳಿಗೆ ಹೊಟ್ಟೆಯಲ್ಲಿ ಎಂತದೋ ಆಯ್ತು.

ಜಾಝ್ ಅಂದ್ರೆ ಎಂತ ಅಂತ ನಾನು ಮಗನಲ್ಲಿ ಕೇಳಿದ್ದಕ್ಕೆ ಅವ ಇಂಗ್ಲಿಷು ಪದಗಳನ್ನು ಹಾಕಿ ಏನೇನೋ ಹೇಳಿದ, ನನಗೆ ತಲೆಗೆ ಹೋಗಲಿಲ್ಲ. ಆಮೇಲೆ ಅವನೇ, "ತಾಳಮದ್ದಳೆ ಇದ್ದ ಹಾಗೆ ಅಮ್ಮ" ಅಂದ. ಆಗ ಗೊತ್ತಾಯ್ತು. ಭಾಗವತರು ಪದ ಹೇಳ್ತಾರೆ, ಅದು ಮೊದಲೇ ಬರೆದದ್ದು. ಅದರ ಮೇಲೆ ಅರ್ಥಧಾರಿ ಎಷ್ಟು ಮಾತಾಡ್ತಾನೆ, ಎಲ್ಲಿಗೆ ಕೊಂಡುಹೋಗ್ತಾನೆ, ಎದುರಿನ ಕೃಷ್ಣ ಅದಕ್ಕೆ ಎಂತ ಉತ್ತರ ಕೊಡ್ತಾನೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಆ ರಾತ್ರಿ ಆ ಚಾವಡಿಯಲ್ಲೇ ಹುಟ್ಟುವುದು. ಜಾಝ್‌ನಲ್ಲಿ ಹಾಡಿನ ಎಳೆ ಮಾತ್ರ ಮೊದಲೇ ಇರುವುದು, ಮತ್ತೆಲ್ಲ ಒಬ್ಬೊಬ್ಬರ ಸರದಿ ಬಂದಾಗ ಅವರವರ ಅರ್ಥಗಾರಿಕೆ. ನ್ಯೂ ಆರ್ಲಿಯನ್ಸ್ ಕಡೆಯ ಕಪ್ಪು ಜನ ಹುಟ್ಟಿಸಿದ ಸಂಗೀತ ಅದು. ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು.

ರುದ್ರೇಶ್ ದೊಡ್ಡವರಾಗಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತರು, ಆಮೇಲೆ ಶಿಕಾಗೋದಲ್ಲಿ, ಕಡೆಗೆ ನ್ಯೂಯಾರ್ಕಿಗೆ ಬಂದರು. ಅಪ್ಪ ಪ್ರೊಫೆಸರ್, ಮಗ ಪೀಪಿ ಊದುವವ. ನಮ್ಮ ಊರಲ್ಲಾದರೆ ನೆಂಟರಿಷ್ಟರು ಆ ತಾಯಿಯನ್ನು ಎಷ್ಟು ಕೇಳ್ತಿದ್ದರು ಅಂತ ಗ್ರಹಿಸಿ ನೋಡಿ. ಕೇಳುವವರಲ್ಲಿ ನಾನೂ ಇರ್ತಿದ್ದೆ.

ಅವರಿಗೆ ಅಲ್ಲಿ ಒಂದು ವಿಚಿತ್ರದ ಪೀಕಲಾಟ. ಮುಖ ನೋಡಿ, ಹೆಸರು ನೋಡಿ, ಇವನಿಗೆ ಭಾರತದ ಸಂಗೀತ ಹುಟ್ಟಿನಿಂದಲೇ ಬಂದಿರಬೇಕು ಅಂತ ಎಲ್ಲರೂ ತಿಳಿಯುವುದು. ಇವರು ಬೆಳೆದದ್ದು ಬೌಲ್ಡರಿನಲ್ಲಿ, ತಲೆಯೊಳಗೆ ಇದ್ದದ್ದು ಪಾರ್ಕರ್. ಬರ್ಕ್ಲಿಯಲ್ಲಿ ಇರುವಾಗ ಅವರ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟರಂತೆ. ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ಹೆಸರೇ ನಗೆ ಬರುವ ಹಾಗೆ ಉಂಟಲ್ಲ, ಅದಕ್ಕೇ ಕೊಟ್ಟದ್ದು. ತಮ್ಮ ಹಾಕಿ ಕೇಳಿದರು. ನಗೆ ನಿಂತುಹೋಯಿತು. ತಾನು ವರ್ಷಗಟ್ಟಲೆ ಊದಿದ ಅದೇ ವಾದ್ಯ, ಆದರೆ ಅದು ಹೀಗೂ ಮಾತಾಡಬಹುದು ಅಂತ ಗೊತ್ತೇ ಇರಲಿಲ್ಲ.

ಪುಳ್ಳಿ ಆ ಆಲ್ಬಮ್ಮಿನವರ ಚಿತ್ರವನ್ನು ಪರದೆಗೆ ತಂದ. ನಾನು ಕೈಯಲ್ಲಿದ್ದ ಬೆಂಡೆಕಾಯಿ ಕೆಳಗಿಟ್ಟೆ.

ಕದ್ರಿ ಗೋಪಾಲನಾಥರು!

ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡದವರು. ನಾನು ಪುಳ್ಳಿಗೆ ಕನ್ನಡದಲ್ಲೇ ಹೇಳಲಿಕ್ಕೆ ಸುರು ಮಾಡಿದೆ, ನಿಲ್ಲಿಸಲೇ ಇಲ್ಲ. ಇವರು ನಮ್ಮ ಊರಿನವರು ಮಗಾ, ಬಸ್ಸಲ್ಲಿ ಹೋದರೆ ಹತ್ತಿರವೇ. ಇವರ ಅಪ್ಪ ತನಿಯಪ್ಪನವರು ನಾಗಸ್ವರ ನುಡಿಸುವವರು. 1949ರಲ್ಲಿ ಹುಟ್ಟಿದ ಈ ಹುಡುಗನೂ ಅಪ್ಪನ ಹತ್ತಿರ ನಾಗಸ್ವರವೇ ಕಲಿತದ್ದು. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕೇಳಿ ಅದಕ್ಕೆ ಮರುಳಾಗಿಬಿಟ್ಟ. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಬೇಕು ಅಂತ ಹಟ. ನುಡಿಸುವುದು ಹೇಗೆ? ನಾಗಸ್ವರದಲ್ಲಿ ಇರುವುದು ಬರೀ ತೂತು, ಬೆರಳನ್ನು ಅರ್ಧ ಮುಚ್ಚಿ, ಕಾಲು ಮುಚ್ಚಿ, ಸ್ವರವನ್ನು ಜಾರಿಸಬಹುದು, ಗಮಕ ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಮುಚ್ಚಳ, ಟೈಪ್‌ರೈಟರಿನ ಹಾಗೆ ಒತ್ತುವುದು. ಸ ಅಂದರೆ ಸ, ರಿ ಅಂದರೆ ರಿ, ನಡುವೆ ಜಾರಲಿಕ್ಕೆ ದಾರಿ ಇಲ್ಲ. ಆ ದಾರಿಯನ್ನು ಉಸಿರಲ್ಲಿ, ತುಟಿಯಲ್ಲಿ, ನಾಲಗೆಯಲ್ಲಿ ಮಾಡಿಕೊಳ್ಳಬೇಕು. ವಾದ್ಯವನ್ನೂ ಸ್ವಲ್ಪ ತನಗೆ ಬೇಕಾದ ಹಾಗೆ ತಿದ್ದಿಸಿಕೊಂಡರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಕೈಗೆ ಒಗ್ಗಲಿಕ್ಕೆ ಹತ್ತಿರ ಹತ್ತಿರ 20 ವರ್ಷ ಹಿಡಿಯಿತು ಅಂತ ಹೇಳ್ತಾರೆ.

20 ವರ್ಷ ಅಂದಾಗ ಪುಳ್ಳಿ ಕಣ್ಣು ಅಗಲ ಮಾಡಿದ. ಅರ್ಥ ಆದದ್ದು ಅಷ್ಟೇನಾ ಅಂತ ನನಗೆ ಸಂಶಯ. ಆದರೂ ಹೇಳಿದೆ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಅನ್ನುವ ಅಮೆರಿಕದ ಸ್ಯಾಕ್ಸೋಫೋನಿನವರು ಇವರದ್ದು ಕೇಳಿ, ನಾವಿಬ್ಬರೂ ಒಟ್ಟಿಗೆ ನುಡಿಸುವ ಅಂತ ಕರೆದದ್ದು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರ ದೊಡ್ಡ ಕಛೇರಿಗೆ ಹೋದದ್ದು. ಅದೇ ವರ್ಷ ತಮಿಳು ಸಿನೆಮಾ 'ಡ್ಯುಯೆಟ್'ಗೆ ರೆಹಮಾನರ ಸಂಗೀತದಲ್ಲಿ ನುಡಿಸಿದ್ದು, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಾನು ಅವರನ್ನು ನೋಡಿದ್ದು ಒಂದೇ ಸಲ, ಒಂದು ಬ್ರಹ್ಮಕಲಶದಲ್ಲಿ. ಮಿಂಚುವ ಜುಬ್ಬಾ, ಕೈತುಂಬ ಚಿನ್ನ. ನಾನು, ನಮ್ಮ ಸಣ್ಣತ್ತೆ, ಇಬ್ಬರೂ ಊಟದ ಚಪ್ಪರದಿಂದ ಓಡಿ ಬಂದು ಹಿಂದೆ ನಿಂತದ್ದು. ಸಣ್ಣತ್ತೆ, "ಇದು ಬ್ಯಾಂಡಿನ ವಾದ್ಯ ಅಲ್ವೇನೇ? ಕಣ್ಣು ಮುಚ್ಚಿದರೆ ನಾಗಸ್ವರದ ಹಾಗೆ ಕೇಳ್ತದಲ್ಲ" ಅಂದಿದ್ದರು. ನಮ್ಮ ಮದುವೆಯಲ್ಲೆಲ್ಲ ಊದಿದ್ದು ನಾಗಸ್ವರವೇ. ಈಗ ನೋಡಿ, ನಮ್ಮ ಕಡೆ ಮದುವೆ, ಜಾತ್ರೆ, ಉತ್ಸವ ಎಲ್ಲಿಗೆ ಹೋದರೂ ಸ್ಯಾಕ್ಸೋಫೋನು. ಹೆಣ್ಣುಮಕ್ಕಳೂ ನುಡಿಸ್ತಾರೆ. ಒಬ್ಬ ಮನುಷ್ಯನ ಹಟದಿಂದ ಒಂದು ಜಿಲ್ಲೆಯ ಚಪ್ಪರದ ಸ್ವರವೇ ಬದಲಾಯಿತು. ಇದು ನನಗೂ ಅಲ್ಲಿ ಕೂತು ಹೇಳುವಾಗಲೇ ಹೊಳೆದದ್ದು, ಇಲ್ಲಿರುವಾಗ ಗಮನಕ್ಕೇ ಬರಲಿಲ್ಲ.

ಮತ್ತೆ ರುದ್ರೇಶರ ಕತೆಗೆ ಬರ್ತೇನೆ. ತಮಾಷೆಗೆ ಸಿಕ್ಕಿದ ಆ ಆಲ್ಬಮ್ಮಿನ ಮನುಷ್ಯರನ್ನು ಹುಡುಕಿಕೊಂಡು ಅವರು ಬಂದರು. ಗೋಪಾಲನಾಥರ ಜೊತೆ ಕೂತು ಒಟ್ಟಿಗೆ ಮಾಡಿದ ಆಲ್ಬಮ್ 'ಕಿನ್ಸ್‌ಮೆನ್' ಹೊರಬಂದದ್ದು 2008ರಲ್ಲಿ. ಕಿನ್ಸ್‌ಮೆನ್ ಅಂದರೆ ನೆಂಟರು, ಒಂದೇ ಕುಲದವರು ಅಂತ. ಪಿಟೀಲು ನಮ್ಮ ಕನ್ಯಾಕುಮಾರಿ ಅಮ್ಮನವರದ್ದು, ಮೃದಂಗ ಪೂವಲೂರು ಶ್ರೀಜಿ, ಗಿಟಾರು ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ, ಜೊತೆಗೆ ಅಲ್ಲಿಯ ಡ್ರಮ್ಮು, ಬಾಸ್. ಎರಡು ಆಲ್ಟೋ ಸ್ಯಾಕ್ಸೋಫೋನು ಎದುರುಬದುರು. ಪುಳ್ಳಿ ಸ್ಪೀಕರಿನಲ್ಲಿ ಹಾಕಿದಾಗ ಯಾವುದು ಯಾರದ್ದು ಅಂತ ನಾನು ಬೆರಳು ಎತ್ತಿ ಎತ್ತಿ ತೋರಿಸಿದೆ. ಅವನಿಗೆ ಆಶ್ಚರ್ಯ, ಅಜ್ಜಿಗೆ ಹೇಗೆ ಗೊತ್ತಾಗುತ್ತದೆ ಅಂತ. ಎಂತದೂ ಇಲ್ಲ, ಜಾರುವ ಸ್ವರ ಬಂತು ಅಂದರೆ ಸಜಿಪ, ಅಷ್ಟೇ ನನ್ನ ವಿದ್ಯೆ. ನಾಲ್ಕು ನಿಮಿಷ ಕಳೆದ ಮೇಲೆ ಆ ವಿದ್ಯೆಯೂ ಕೈಕೊಟ್ಟಿತು, ಇಬ್ಬರೂ ಒಬ್ಬರ ದಾರಿಯಲ್ಲಿ ಒಬ್ಬರು ಹೋಗಲಿಕ್ಕೆ ಹಿಡಿದರು.

ಆದರೆ ಪುಳ್ಳಿ ಇವರನ್ನು ಆರಿಸಿದ್ದು ಇದಕ್ಕೆ ಯಾವುದಕ್ಕೂ ಅಲ್ಲ. ಕಾರಣ ಬೇರೆಯೇ ಇತ್ತು. 2004ರಲ್ಲಿ ರುದ್ರೇಶರದ್ದು ಒಂದು ಆಲ್ಬಮ್ ಬಂದಿತ್ತು, 'ಮದರ್ ಟಂಗ್', ಮಾತೃಭಾಷೆ. ಅಮೆರಿಕದಲ್ಲಿ ನಮ್ಮವರಿಗೆ ಜನ ಒಂದು ಪ್ರಶ್ನೆ ಕೇಳ್ತಾರಂತೆ, 'ನೀನು ಇಂಡಿಯನ್ ಮಾತಾಡ್ತೀಯಾ?' ಅಂತ. ಕೆಲವರು 'ಹಿಂದೂ ಮಾತಾಡ್ತೀಯಾ?' ಅಂತಲೂ ಕೇಳ್ತಾರೆ. ಇಂಡಿಯನ್ ಅನ್ನುವ ಭಾಷೆ ಎಲ್ಲುಂಟು? ಹಿಂದೂ ಭಾಷೆ ಎಲ್ಲುಂಟು? ರುದ್ರೇಶ್ ಎಂತ ಮಾಡಿದರು ಅಂದರೆ, ಅಲ್ಲಿರುವ ಬೇರೆ ಬೇರೆ ಭಾಷೆಯ ನಮ್ಮವರಲ್ಲಿ, ಈ ಪ್ರಶ್ನೆಗೆ ನಿಮ್ಮ ನಿಮ್ಮ ಭಾಷೆಯಲ್ಲೇ ಉತ್ತರ ಹೇಳಿ ಅಂದರು. ಅವರು ಹೇಳಿದ್ದರಲ್ಲಿ ಸ್ವರ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಸ್ವರಲಿಪಿ ಬರೆದುಕೊಂಡರು. ಅದನ್ನೇ ಎಳೆಯಾಗಿ ಇಟ್ಟುಕೊಂಡು ಒಂದೊಂದು ಭಾಷೆಗೆ ಒಂದೊಂದು ರಚನೆ. ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ. ಮತ್ತೆ ಒಂದರ ಹೆಸರು 'ಕನ್ನಡ'.

ನಮ್ಮ ಪುಳ್ಳಿಗೂ ಶಾಲೆಯ ಬಸ್ಸಲ್ಲಿ ಒಬ್ಬ ಇದೇ ಪ್ರಶ್ನೆ ಕೇಳಿದ್ದನಂತೆ, ಹಿಂದೂ ಮಾತಾಡ್ತೀಯಾ ಅಂತ. ಇವ ಎಂತ ಹೇಳಿದ? ಇಲ್ಲ ಅಂದ. ಕನ್ನಡ ಮಾತಾಡ್ತೇನೆ ಅಂತ ಹೇಳಲಿಕ್ಕೂ ಆಗಲಿಲ್ಲ, ಯಾಕೆಂದರೆ ಮಾತಾಡುವುದಿಲ್ಲವಲ್ಲ. ಅದನ್ನು ಅವ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಶಾಲೆಗೆ ಬರೆದ ಕಾಗದದಲ್ಲಿ ಬರೆದಿದ್ದ. ಸೊಸೆ ಅದನ್ನು ಓದಿ ನನಗೆ ಹೇಳಿದಳು.

ಆ ರಾತ್ರಿ ಊಟ ಆದ ಮೇಲೆ ನಾವೆಲ್ಲ ಕೂತು 'ಕನ್ನಡ' ಅನ್ನುವ ಆ ತುಂಡನ್ನು ಕೇಳಿದೆವು. ಸತ್ಯ ಹೇಳ್ತೇನೆ, ಮೊದಲ ಸಲಕ್ಕೆ ಅದರಲ್ಲಿ ಕನ್ನಡ ಎಲ್ಲಿಯೂ ನನ್ನ ಕೈಗೆ ಸಿಕ್ಕಲಿಲ್ಲ. ಎರಡನೇ ಸಲವೂ ಇಲ್ಲ. ಮನೆಯವರು ಇದ್ದಿದ್ದರೆ "ಇದೆಂತ ಪಿರಿಪಿರಿ, ಬಂದ್ ಮಾಡು" ಅಂತಿದ್ದರು. ನಾನು ಸುಮ್ಮನೆ ಕೂತೆ. ಮೂರನೇ ಸಲ ಹಾಕುವಾಗ ಮಗ ಮಲಗಲಿಕ್ಕೆ ಹೋಗಿದ್ದ, ಪುಳ್ಳಿ ಸೋಫಾದಲ್ಲೇ ಒರಗಿದ್ದ. ಸೊಸೆ ಮಗುವಿಗೆ ಹಾಲು ಕೊಡುತ್ತಾ ಕೂತವಳು ಇದ್ದಕ್ಕಿದ್ದ ಹಾಗೆ, "ಅತ್ತೆ, ನಾನು ಕಲಿಸ್ಬಾರ್ದು ಅಂತ ಬಿಟ್ಟದ್ದಲ್ಲ" ಅಂದಳು.

ಪುಳ್ಳಿಗೆ ಮೂರು ವರ್ಷ ಆದರೂ ಮಾತು ಬಂದಿರಲಿಲ್ಲ. ಇದು ನನಗೆ ಗೊತ್ತು, ನಾವು ಇಲ್ಲಿ ಹರಕೆಯನ್ನೂ ಹೇಳಿದ್ದೆವು. ನನಗೆ ಗೊತ್ತಿಲ್ಲದ್ದು ಏನೆಂದರೆ, ಆಗ ಅಲ್ಲಿ ಮಗುವನ್ನು ನೋಡಿದವರೊಬ್ಬರು, ಎರಡೆರಡು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿದೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಮಾತಾಡಿ ಅಂತ ಹೇಳಿದ್ದರಂತೆ. ಸಣ್ಣ ಪ್ರಾಯದ ತಾಯಿ, ಪರದೇಶ, ಮಗುವಿಗೆ ಮಾತೇ ಬರದಿದ್ದರೆ ಅನ್ನುವ ಹೆದರಿಕೆ. ಅವತ್ತಿನಿಂದ ಅವಳು ಮಗನ ಜೊತೆ ಕನ್ನಡ ಬಿಟ್ಟಳು. ಲಾಲಿ ಹಾಡುವುದನ್ನೂ ಬಿಟ್ಟಳು. ವರ್ಷಗಳು ಕಳೆದ ಮೇಲೆ ಬೇರೆಯವರಲ್ಲಿ ಕೇಳಿದರೆ, ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಮನೆಯ ಭಾಷೆ ನಿಲ್ಲಿಸಬೇಕಾಗಿಯೇ ಇರಲಿಲ್ಲ ಅಂದರಂತೆ. ಅಷ್ಟರಲ್ಲಿ ಹುಡುಗನ ಬಾಯಿ ಇಂಗ್ಲಿಷಿಗೆ ತಿರುಗಿ ಆಗಿತ್ತು.

"ನಿಮ್ಮ ಹತ್ರ ಹೇಳಿದ್ರೆ ನೀವು ಹೆದರ್ತೀರಿ ಅಂತ ಹೇಳ್ಲಿಲ್ಲ. ಆಮೇಲೆ ನೀವು ಬೈಯುವಾಗ, ಬೈಲಿ ಅಂತ ಸುಮ್ಮನಾದೆ" ಅಂದಳು.

ಎಂಟು ವರ್ಷ. ವಾರಕ್ಕೊಮ್ಮೆ ಫೋನು. ಲೆಕ್ಕ ಹಾಕಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ನಾನು ಎಂತ ಹೇಳಿದೆ ಅಂತ ನೀವು ಕೇಳಬಹುದು. ಎಂತದೂ ಹೇಳಲಿಲ್ಲ. ಮಗುವನ್ನು ಅವಳ ಕೈಯಿಂದ ತಕ್ಕೊಂಡೆ, ಬೆನ್ನು ತಟ್ಟಿ ತೇಗು ತೆಗೆಸಿದೆ. "ಹೋಗಿ ಮಲಕ್ಕೋ ಮಗಾ, ಇದನ್ನು ನಾನು ನೋಡಿಕೊಳ್ತೇನೆ" ಅಂದೆ. ಮರುದಿನ ಬೆಳಿಗ್ಗೆ ಅವಳಿಗೆ ಇಷ್ಟ ಅಂತ ಉದ್ದಿನ ದೋಸೆಗೆ ಬೆಳ್ಳುಳ್ಳಿ ಹಾಕಿ ಕೆಂಪು ಚಟ್ನಿ ಅರೆಯಲಿಕ್ಕೆ ಹೊರಟೆ, ಬಾಣಂತಿಗೆ ಖಾರ ಆಗದು ಅಂತ ಅರ್ಧದಲ್ಲಿ ನೆನಪಾಗಿ ಮೆಣಸು ತೆಗೆದೆ. ಅದು ಚಟ್ನಿಯೂ ಅಲ್ಲ, ಮದ್ದೂ ಅಲ್ಲ. ಆದರೂ ತಿಂದಳು.

ಅವನ ಭಾಷಣದ ಹಿಂದಿನ ಶನಿವಾರ ಇನ್ನೊಂದು ಕೆಲಸ ನಡೆಯಿತು. ಪುಳ್ಳಿ ಮೇಲಿನ ಕೋಣೆಯಲ್ಲಿ ಊದುತ್ತಿದ್ದ. ನಾನು ಕೆಳಗಿನಿಂದ, "ಪುಟ್ಟಾ, ಉಣ್ಲಿಕ್ಕೆ ಬಾರೋ" ಅಂತ ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಇಳಿದು ಬಂದ, ಕೈಯಲ್ಲಿ ಫೋನು, "ಅಜ್ಜಿ, ಅಗೇನ್" ಅಂದ. ಮತ್ತೊಮ್ಮೆ ಹೇಳಬೇಕಂತೆ, ಆದರೆ ಅಡುಗೆಮನೆಯಿಂದಲೇ, ಅದೇ ಥರ ದೊಡ್ಡಕ್ಕೆ. ಎದುರು ನಿಂತವನನ್ನು ಮಾಡಿನಾಚೆಯವನನ್ನು ಕರೆದ ಹಾಗೆ ಕರೆಯುವುದು ಹೇಗೆ? ನಗೆ ಬರುತ್ತದೆ. ನಾಲ್ಕು ಸಲ ಹೇಳಿಸಿ ಫೋನಿನಲ್ಲಿ ತುಂಬಿಕೊಂಡು ಹೋದ.

ಅನ್ನ ಆರಿತು. ಮೇಲೆ ಒಂದು ಸ್ವರ, ನಿಲ್ಲಿಸಿ ಫೋನು ಕೇಳುವುದು, ಮತ್ತೆ ಎರಡು ಸ್ವರ. ನಮ್ಮ ಕರೆ ಹೇಗೆ ಉಂಟು ಅಂತ ನೀವೇ ಒಮ್ಮೆ ಹೇಳಿ ನೋಡಿ. 'ಪುಟ್ಟಾ' ಅಂತ ಮೇಲೆ ಹೋಗಿ ಅಲ್ಲೇ ನೇತಾಡುತ್ತದೆ, 'ಉಣ್ಲಿಕ್ಕೆ' ಕೆಳಗೆ ಬಂದು ಗಡಿಬಿಡಿಯಲ್ಲಿ ಓಡುತ್ತದೆ, 'ಬಾರೋ' ಅನ್ನುವಲ್ಲಿ ಮತ್ತೆ ಏರಿ ಜಾರುತ್ತದೆ. ನನಗೂ ಗೊತ್ತಿರಲಿಲ್ಲ, 40 ವರ್ಷದಿಂದ ಹೀಗೇ ಕರೆದದ್ದು. ಅವನಿಗೆ ಆ ಕಡೆಯ ಜಾರುವಿಕೆ ಬರಲಿಲ್ಲ. ಅಲ್ಲಿಗೆ ಬಂದಾಗ ವಾದ್ಯ ಕೀರಲು ಹೊಡೆಯುತ್ತದೆ. ಮೂರು ದಿನ ಅದೊಂದನ್ನೇ ಊದಿದ. ಸಿಟ್ಟು ಬಂದು ಕೆಳಗೆ ಬಂದು ಅಮ್ಮನಲ್ಲಿ ಎಂತದೋ ಕೇಳಿದ. ಸೊಸೆ ನಕ್ಕು, "ಅಜ್ಜಿ ಹತ್ರ ಕೇಳು" ಅಂದಳು.

ಅವ ನನ್ನ ಎದುರು ನಿಂತು, "ಅಜ್ಜಿ, ಬಾರೋ… ಹೇಗೆ?" ಅಂದ.

ನನಗೆ ಸ್ಯಾಕ್ಸೋಫೋನು ಊದಲಿಕ್ಕೆ ಬರ್ತದಾ? ಆದರೂ ಗೋಪಾಲನಾಥರು ಮುಚ್ಚಳದ ವಾದ್ಯದಲ್ಲಿ ತುಟಿಯಿಂದ ಸ್ವರ ಜಾರಿಸಿದ್ದು ನೆನಪಾಗಿ, ಬೆರಳಲ್ಲಿ ಅಲ್ಲ ಮಗಾ, ತುಟಿ ಸಡಿಲ ಬಿಡಬೇಕು ಅಂತ ನನ್ನ ತುಟಿ ತೋರಿಸಿ ಹೇಳಿದೆ. ನಾವಿಬ್ಬರೂ ಎದುರುಬದುರು ಕೂತು ಮೀನಿನ ಹಾಗೆ ಬಾಯಿ ಮಾಡಿದ್ದನ್ನು ಮಗ ವಿಡಿಯೋ ತೆಗೆದಿದ್ದಾನೆ. ಅದನ್ನು ನಿಮಗೆ ಯಾರಿಗೂ ಕಳಿಸಬಾರದು ಅಂತ ಆಣೆ ಹಾಕಿಸಿದ್ದೇನೆ.

ಶಾಲೆಯಲ್ಲಿ ಭಾಷಣ ಆಯ್ತು. ರುದ್ರೇಶರು ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗದ ನಿರ್ದೇಶಕರು, 2016ರಿಂದ. ಅದು ಮಗನ ಮನೆಯಿಂದ ಅರ್ಧ ಗಂಟೆಯ ದಾರಿ ಅಂತ ಕೇಳಿ ಕ್ಲಾಸಿನ ಮಕ್ಕಳಿಗೆಲ್ಲ ಖುಷಿಯಂತೆ. ಪಾರ್ಕರ್ ನೆನಪಿಗೆ ಅಂತ ಅವರು 2015ರಲ್ಲಿ ಮಾಡಿದ ಆಲ್ಬಮ್ಮಿನ ಹೆಸರು 'ಬರ್ಡ್ ಕಾಲ್ಸ್', ಹಕ್ಕಿಯ ಕರೆ. ಅದರ ಹಿಂದೆ 2013ರಲ್ಲಿ ಬಂದದ್ದರ ಹೆಸರು 'ಗಮಕ್'. ಹೆಸರು ಕೇಳಿಯೇ ನನಗೆ ಗೊತ್ತಾಯ್ತು, ಸಜಿಪದ ಜಾರುವ ಸ್ವರ ಅವರನ್ನು ಬಿಟ್ಟಿಲ್ಲ ಅಂತ. ಪುಳ್ಳಿ ಭಾಷಣದ ಕೊನೆಗೆ ನನ್ನ ಕರೆಯನ್ನು ಫೋನಲ್ಲಿ ಕೇಳಿಸಿ, ಆಮೇಲೆ ವಾದ್ಯದಲ್ಲಿ ನುಡಿಸಿದ. ಬಾರೋ ಅನ್ನುವಲ್ಲಿ ಕೀರಲು ಬಂತಂತೆ. "ಒಬ್ಬನೂ ನಗಾಡ್ಲಿಲ್ಲಾ?" ಅಂತ ಕೇಳಿದೆ. ಎಲ್ಲರೂ ನಗಾಡಿದರಂತೆ. ಬಸ್ಸಿನ ಆ ಹುಡುಗ ಈಗ ಇವನನ್ನು ಕಂಡಾಗೆಲ್ಲ 'ಪುಟ್ಟಾ' ಅಂತ ಕರೀತಾನಂತೆ.

ಸಣ್ಣ ಮಗುವಿಗೆ ಸೊಸೆ ಈಗ ಕನ್ನಡದಲ್ಲೇ ಮಾತಾಡ್ತಾಳೆ. ನಾನು ಹೇಳಿದ್ದಲ್ಲ. ಆ ವಿಷಯದಲ್ಲಿ ನಾನು ಇನ್ನು ಬಾಯಿ ಬಿಡುವುದಿಲ್ಲ. ಬೆಳಗ್ಗಿನ ಜಾವ ಲಾಲಿ ಕೇಳಿಸುತ್ತಿತ್ತು, ನಾನು ನಿದ್ರೆ ಬಂದವರ ಹಾಗೆ ಮಲಗಿರುತ್ತಿದ್ದೆ.

ಊರಿಗೆ ಬಂದ ಮೇಲೆ ಮೊನ್ನೆ ಆಚೆಮನೆಯ ಮದುವೆಗೆ ಹೋಗಿದ್ದೆನಲ್ಲ, ನೀವು ಸುಮಾರು ಜನ ಅಲ್ಲೇ ಇದ್ದಿರಿ. ನಾನು ಊಟದ ಮೊದಲ ಪಂಕ್ತಿ ಬಿಟ್ಟು ಸ್ಯಾಕ್ಸೋಫೋನಿನವರ ಹತ್ತಿರ ಹೋಗಿ ನಿಂತದ್ದು ಯಾಕೆ ಅಂತ ಕೆಲವರು ಕೇಳಿದಿರಿ. ಆ ಹುಡುಗನಲ್ಲಿ ರೀಡು ತೋರಿಸು ಮಾರಾಯ ಅಂತ ಕೇಳಲಿಕ್ಕೆ ಹೋದದ್ದು. ಅವ ಪಾಪ ಗಾಬರಿಯಾದ, ಆಮೇಲೆ ಬಿಚ್ಚಿ ತೋರಿಸಿದ. ಅದೇ ಐಸ್‌ಕ್ಯಾಂಡಿ ಕಡ್ಡಿ. ಫೋಟೋ ತೆಗೆದು ಪುಳ್ಳಿಗೆ ಕಳಿಸಿದೆ. ರೀಡುಗಳಿಗೆ ನಂಬರ್ ಇರುತ್ತದೆ, ಗಡಸು ಹೆಚ್ಚಿದ ಹಾಗೆ ನಂಬರ್ ಹೆಚ್ಚು, ನಮ್ಮವನದ್ದು ಎರಡೂವರೆ. ರಾತ್ರಿ ಅವನ ಸ್ವರದಲ್ಲೇ ಉತ್ತರ ಬಂತು.

"ಅಜ್ಜಿ, ಅವರದ್ದು ಎಷ್ಟು ನಂಬರ್?"

ಅದನ್ನು ಕೇಳಲಿಕ್ಕೇ ಮರೆತುಹೋಗಿತ್ತು. ಬರುವ ಹದಿನೈದನೇ ತಾರೀಕಿಗೆ ನಮ್ಮ ಭಾವನ ಮಗಳ ಮದುವೆಗೂ ಅದೇ ಸೆಟ್ಟಿನವರಂತೆ. ನನಗೆ ನೆನಪು ಹೋದರೆ ನಿಮ್ಮಲ್ಲಿ ಯಾರಾದರೂ ಕೇಳಿ ಇಡಿ.